ಅಮಲ್ದಾರನ ಮೊಣಕಾಲು

ಚಳ್ಳಕೆರೆ ಪಶು ಆಸ್ಪತ್ರೆಯ ತಕ್ಕಡಿ ಕೆಟ್ಟಿತ್ತು.
ಎದುರಿನ ಶೇಂಗಾ ಮಂಡಿಗೆ
ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋದೆ.
ಹಮಾಲಿ ಕಾಟಯ್ಯ ಮೂಟೆ ಇಳಿಸಿ ಜಾಗ ಬಿಟ್ಟ.
ಇಪ್ಪತ್ತಾರು ಕೆಜಿ.
‘ಚೀಲದ ತೂಕ ಕಳೀಲೇನಕ್ಕ?’ ಅಂತ ನಕ್ಕ.
ಅಮಲ್ದಾರ ನಗಲಿಲ್ಲ.

ಹೆಸರಿಟ್ಟವನು ನನ್ನ ಮಾವ.
ಕಣ್ಣು ಬಿಟ್ಟ ತಿಂಗಳಿಗೇ ರೊಪ್ಪದ ಬಾಗಿಲಲ್ಲಿ ಕೂತು
ಒಳಹೋಗುವ ಒಂದೊಂದು ಕುರಿಯನ್ನೂ
ಕಂದಾಯ ಬಾಕಿ ಇದೆ ಅನ್ನುವ ಹಾಗೆ ನೋಡುತ್ತಿದ್ದನಂತೆ.

ಡಾಕ್ಟರ್ ರುಖಿಯಾ ಹಿಂಗಾಲು ಮಡಿಸಿದರು, ಬಿಚ್ಚಿದರು.
ಒಳಗೆ ಕಟಕ್ ಅಂತು,
ಒಣಗಿದ ಜಾಲಿಕಾಯಿ ತುಳಿದ ಹಾಗೆ.
‘ಕೀಲು ಸವೆದಿದೆಯಮ್ಮ. ವಯಸ್ಸೆಷ್ಟು?’
ಹನ್ನೊಂದು ಅಂದೆ.
ಕಾವಲಿಗೆ ಗೋಡೆ ಎದ್ದ ಮೇಲೆ
ಮಂದೆ ಸುತ್ತು ಬಳಸಿ ನಡೆಯುತ್ತೆ,
ಮಂದೆ ಒಂದು ಸುತ್ತು ನಡೆದರೆ ಇವನು ಮೂರು ಸುತ್ತು ಓಡುತ್ತಾನೆ,
ಆ ಲೆಕ್ಕದಲ್ಲಿ ವಯಸ್ಸೆಷ್ಟಾಯಿತೋ ನೀವೇ ಹೇಳಿ.

ಚೀಟಿ ಬರೆದರು. ಗ್ಲುಕೋಸಮೈನ್. ದಿನಕ್ಕೊಂದು.
‘ಆರು ವಾರ ನೋಡು. ಕೆಲವಕ್ಕೆ ಹಿಡಿಯುತ್ತೆ,
ಕೆಲವಕ್ಕೆ ಇಲ್ಲ. ಸುಳ್ಳು ಹೇಳಲ್ಲ ನಾನು.’
ಏನರಲ್ಲಿ ಮಾಡ್ತಾರೆ ಇದನ್ನ?
‘ಸೀಗಡಿ ಚಿಪ್ಪು, ಏಡಿ ಚಿಪ್ಪು. ಸಮುದ್ರದ್ದು.’

ಸಮುದ್ರ ನಾನು ನೋಡಿಲ್ಲ.
ಅಮಲ್ದಾರ ಕಂಡ ದೊಡ್ಡ ನೀರು ಅಂದರೆ
ಹಿರಿಯೂರಿನ ಆಚೆ, ವಾಣಿವಿಲಾಸದ್ದು.
ಅಂಚಿನಲ್ಲಿ ನಿಂತು ಸಂಜೆತನಕ ಬೊಗಳಿದ್ದ,
ಎಷ್ಟು ಗದರಿದರೂ ಅದು
ಒಂದು ಕಡೆ ಗುಂಪಾಗಲಿಲ್ಲ ಅಂತ.
ಈಗ ಸಮುದ್ರವೇ ಚೂರಾಗಿ
ಅವನ ಮೊಣಕಾಲಿಗೆ ಇಳಿಯಬೇಕು.
ಬರುವಾಗ ಬಸ್ಸಿನಲ್ಲಿ ಕಂಡಕ್ಟರು
ಇವನಿಗೂ ಅರ್ಧ ಟಿಕೆಟ್ ಹರಿದ.

ಬೊಮ್ಮಯ್ಯ ಬೆಲೆ ಕೇಳಿ ಪಟಗ ಬಿಚ್ಚಿ ಕೊಡವಿದ.
‘ಹತ್ತು ಕುರಿ ಉಣ್ಣೆ ನುಂಗಿ ಹಾಕ್ತಾನೆ ತಿಂಗಳಿಗೆ!
ನನ್ನ ಮಂಡಿ ಯಾವ ಮಂಡಿಯಲ್ಲಿ ತೂಗಿದೆ ನೀನು?’
ನಾನು ಉತ್ತರ ಕೊಡಲಿಲ್ಲ. ರಾಗಿಮುದ್ದೆಯ ಉಂಡೆ ಮಾಡಿ
ನಡುವೆ ಮಾತ್ರೆ ಹೂತೆ.
ಅಮಲ್ದಾರ ಮುದ್ದೆ ತಿಂದ,
ಮಾತ್ರೆಯನ್ನು ಮಾತ್ರ ತುಟಿಯಂಚಿಗೆ ತಂದು
ನನ್ನ ಕಾಲ ಬಳಿ ಉಗಿದ, ರುಜುವಾತು ಇಟ್ಟ ಹಾಗೆ.
ಹುರುಳಿಕಟ್ಟಿನಲ್ಲಿ ಅರೆದು ಹಾಕಿದೆ. ಕುಡಿದ.

ನಾಲ್ಕನೆಯ ದಿನ ಎಣಿಸಿದರೆ
ಐದು ಗುಳಿ ಖಾಲಿ.
ಆರನೆಯ ದಿನ, ಒಂಬತ್ತು.
ನಾನು ಕೇಳಲಿಲ್ಲ.
ಗಂಡ ಹೇಳಲಿಲ್ಲ.
ರಾತ್ರಿ ಒಲೆಯ ಹಿಂದೆ ಹಾಳೆ ಪರಪರ ಅಂದಾಗ
ಮಗ್ಗುಲು ಬದಲಿಸಿದೆ, ನಿದ್ದೆಯಲ್ಲಿ ಇರುವವಳ ಹಾಗೆ.
ಮುಂದಿನ ಸಂತೆಗೆ ಎರಡು ಹಾಳೆ ತಂದೆ,
ಒಂದನ್ನು ಅವನ ಎಲೆಅಡಿಕೆ ಚೀಲದಲ್ಲಿಟ್ಟೆ.
ಇಷ್ಟು ವರ್ಷದ ಸಂಸಾರದಲ್ಲಿ
ಇಷ್ಟಾದರೂ ಗುಟ್ಟು ಇರಲಿ.

ದೊಡ್ಡೇರಿ ಕಡೆ ಒಬ್ಬರ ಹೊಲದಲ್ಲಿ ಮಂದೆ ತರುಬಿದ್ದೆವು.
ನಡುರಾತ್ರಿ. ಮರಿನಾಯಿ ಚಿಂಗ ಗಾಳಿಗೆ ಎದ್ದು
ಮೂಡಲಿಗೆ ಓಡಿತು, ಬೊಗಳುತ್ತ.
ಅಮಲ್ದಾರ ಏಳಲಿಲ್ಲ.
ಕಿವಿ ಎದ್ದಿತು, ಒಂದೇ ಕಿವಿ,
ಪಡುವಲಿಗೆ ತಿರುಗಿತು.
ಕೂತಲ್ಲಿಂದಲೇ ಒಂದು ಸಲ, ಗಂಟಲಾಳದಿಂದ,
ಹುಕುಂ ಕೊಟ್ಟ.
ಚಿಂಗ ನಿಂತು, ತಿರುಗಿ, ಪಡುವಲಿಗೆ ಹಾರಿತು.
ತಂಗಡಿ ಗಿಡದ ಹಿಂದಿನಿಂದ
ತೋಳದ ಬೆನ್ನು ತಗ್ಗಿಗೆ ಇಳಿಯಿತು.
ಕುರಿ ಒಂದೂ ಕಡಿಮೆಯಿಲ್ಲ.

ಆರು ವಾರಕ್ಕೆ ಡಾಕ್ಟರು ಕೇಳಿದರು,
‘ಹೇಗಿದಾನೆ?’
ಯಾರು ಅಂತ ಬಾಯಿಗೆ ಬಂದಿತ್ತು, ನುಂಗಿದೆ.
ಇಳಿಜಾರಿನಲ್ಲಿ ಪರವಾಗಿಲ್ಲ,
ಬೆಳಗಿನ ಚಳಿಗೆ ಎದ್ದೇಳುವಾಗ ಇನ್ನೂ ಕಷ್ಟ, ಅಂದೆ.
ಇಬ್ಬರಿಗೂ ಅದು ನಿಜವೇ.

ನಿನ್ನೆ ಕಾವಲಿನ ಗೋಡೆ ಮುಗಿಯುವಲ್ಲಿ
ಮೊಳದೆತ್ತರದ ಕಲ್ಲುಸಾಲು ದಾಟಬೇಕಿತ್ತು.
ಮಂದೆ ದಾಟಿ ಆಗಿತ್ತು, ಚಿಂಗನೂ.
ಈಚೆ ಬೊಮ್ಮಯ್ಯ ನಿಂತಿದ್ದ,
ಪಕ್ಕದಲ್ಲಿ ಅಮಲ್ದಾರ,
ಒಬ್ಬರಿಗಾಗಿ ಒಬ್ಬರು ಕಾಯುತ್ತಿದ್ದೇವೆ
ಅನ್ನುವ ಮುಖ ಮಾಡಿಕೊಂಡು.

ನಾನು ಬುತ್ತಿ ಕೆಳಗಿಟ್ಟು,
ಮೇಲಿನ ಎರಡು ಕಲ್ಲು ತೆಗೆದೆ.