ಹದಿನೈದು ನಿಮಿಷ ಹಿಂದೆ

ಈ ವರ್ಷ ಬಾಡಿಗೆ ಏರಿಸಲ್ಲ,
ಬದಲಿಗೆ ಒಂದು ಆ್ಯಪ್ ಮಾಡಿಕೊಡು ಎಂದರು
ಬಟವಾಡಿಯ ಮನೆಯ ಮಾಲೀಕ, ಕೆಳಗಿನ ಗವಿರಂಗಯ್ಯ.
ಅಶೋಕ ರಸ್ತೆಯ ಬ್ರೋಕರು ಅಂಗಡಿ ಮುಚ್ಚಿ
ಟೀವಿಯನ್ನೂ ಬೆಂಚನ್ನೂ ಮಾರಿದ ಮೇಲೆ
ಬೆಳಗಿನ ಹೊತ್ತು ಅವರ ಕಣ್ಣಿಗೆ ಕೆಲಸವಿರಲಿಲ್ಲ.
ಮೂವತ್ತೊಂದು ವರ್ಷ ಅದೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಗಡಿಯಾರ ಕಾರ್ಖಾನೆಯಲ್ಲಿ
ಕೂದಲಿಗಿಂತ ತೆಳ್ಳನೆಯ ಸ್ಪ್ರಿಂಗು ಕೂರಿಸಿದವರು.
ಕಾರ್ಖಾನೆ ಕೊಟ್ಟ ಕೊನೆಯ ದುಡ್ಡಲ್ಲಿ
ಐದು ಕಂಪನಿಯ ಷೇರು.
ಮಾರುವುದಿಲ್ಲ. ನೋಡುವುದು, ಅಷ್ಟೇ.

"ಎರಡು ಫೋನಿಗೂ ಆಗಬೇಕು."
ಒಂದು ಅವರದು, ರಬ್ಬರ್ ಬ್ಯಾಂಡ್ ಸುತ್ತಿದ್ದು;
ಇನ್ನೊಂದು ಭಾವಮೈದ ಜಯಶೀಲ ಕೊಟ್ಟ
ಮೂಲೆ ಒಡೆದ ಐಫೋನು, ಹೆಂಡತಿಯ ಹತ್ತಿರ.
ಒಂದೇ ಸಲ ಬರೆದರೆ ಎರಡಕ್ಕೂ ಕೂಡುತ್ತೆ ಎಂದೆ.
ನಕ್ಕರು: "ಹೆಂಗಸರ ವಾಚಿಗೂ ಗಂಡಸರ ವಾಚಿಗೂ
ಒಂದೇ ಮಿಷನ್ನು ಹಾಕ್ತೀವಿ ಅಂತ
ನಮ್ಮ ಸಾಹೇಬ್ರೂ ಒಂದ್ಸಲ ಹೇಳಿದ್ರು."

ಶನಿವಾರ ಪೂರ್ತಿ ಡೌನ್‌ಲೋಡು.
ಇದಕ್ಕೆ ಅದು ಬೇಕು, ಅದಕ್ಕೆ ಇನ್ನೊಂದರ ಹಳೆಯ ಆವೃತ್ತಿ,
ಹಳೆಯದನ್ನು ಕರೆದರೆ ಮೊದಲಿನದಕ್ಕೆ ಮುನಿಸು.
ಸಾವಿರದ ಇನ್ನೂರು ಪೊಟ್ಟಣ ಬಂದು ಕೂತವು
ಐದು ಸಂಖ್ಯೆ ತೋರಿಸಲು.
ಫ್ಯಾನು ಹಿಟ್ಟಿನ ಗಿರಣಿಯಾಯಿತು.
ಕೊನೆಗೆ ಲ್ಯಾಪ್‌ಟಾಪಿನಲ್ಲಿ ಓಡಿತು. ಫೋನಿನಲ್ಲಿ ಬರೀ ಬಿಳಿ.
ರಾತ್ರಿ ಹನ್ನೊಂದಕ್ಕೆ ಸಿಕ್ಕಿತು ತಪ್ಪು:
ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದಿದ್ದೆ.
ಲ್ಯಾಪ್‌ಟಾಪಿಗೆ ಹಾಗೆಂದರೆ ಲ್ಯಾಪ್‌ಟಾಪು,
ಫೋನಿಗೆ ಫೋನು.
ನಮ್ಮನೆಗೆ ಬಾ ಎಂದು ನಾನು ಕರೆದರೆ
ಪಾಪ, ಅದು ತನ್ನ ಮನೆಯೊಳಗೇ
ನನ್ನನ್ನು ಹುಡುಕುತ್ತ ನಿಂತಿತ್ತು.

ಅಂಕಿ ಕನ್ನಡದಲ್ಲಿರಲಿ, ದಪ್ಪಗೆ.
ಇಳಿದರೆ ಕೆಂಪು ಬೇಡ.
"ಇಳಿದದ್ದು ನಂಗೇ ಗೊತ್ತಾಗ್ತದೆ. ಅದು ಕಿರುಚಬಾರದು."

ಸೋಮವಾರ. ಎರಡು ಫೋನೂ ಒಂದೇ ವೈಫೈಗೆ ಬರಬೇಕು,
ನನ್ನ ರೂಟರಿನ ಕೈ ಅರ್ಧ ಮೆಟ್ಟಿಲವರೆಗೆ.
ಹಾಗಾಗಿ ಮೂವರೂ ಮೆಟ್ಟಿಲ ಮೇಲೆ,
ನಡುವೆ ಪುಟ್ಟಗಂಗಮ್ಮನ ಅವರೆಕಾಯಿ ಮೊರ.
ಕಪ್ಪುಬಿಳಿ ಚೌಕಕ್ಕೆ ಕ್ಯಾಮೆರಾ ಹಿಡಿದರೆ
ಐಫೋನು ಮೊದಲು ತೆರೆಯಿತು.
ಇನ್ನೊಂದು, ಯೋಚಿಸಿ, ಆಮೇಲೆ.
೧೨೪.೬೦
ಎರಡರಲ್ಲೂ.
"ಅವರೆಕಾಯಿ ರೇಟೂ ಬರುತ್ತಾ ಇದ್ರಲ್ಲಿ?"

ಗವಿರಂಗಯ್ಯ ಮಾತ್ರ ಮುಂಗೈ ನೋಡಿಕೊಂಡರು.
"ಹತ್ತು ಹದಿನೇಳು ಈಗ.
ಇದ್ರಲ್ಲಿ ಹತ್ತು ಎರಡು ಅಂತೈತಲ್ಲ?"
ಪುಕ್ಕಟೆ ಸಿಗುವ ಮಾಹಿತಿ ಹದಿನೈದು ನಿಮಿಷ ತಡ,
ಆ ಕ್ಷಣದ್ದೇ ಬೇಕೆಂದರೆ ತಿಂಗಳಿಗೆ ದುಡ್ಡು,
ನನ್ನ ಬಾಡಿಗೆಗಿಂತ ಹೆಚ್ಚು ಎಂದೆ.

ಫೋನನ್ನು ಕಿವಿಗೆ ಹಿಡಿದರು. ಮಾತಾಡಲಿಕ್ಕಲ್ಲ.
ಬೆಂಚಿಗೆ ಬಂದ ವಾಚಿನ ಬಡಿತ ಕೇಳುವ ಹಾಗೆ.
"ತಡ ಇದ್ರೆ ಇರ್ಲಿ. ದಿನಾಲೂ ಒಂದೇ ಸಮ ತಡ ಇರ್ತದಾ?"
ಇರುತ್ತೆ ಎಂದೆ.
"ಹಂಗಾದ್ರೆ ಕೆಟ್ಟಿಲ್ಲ. ಹೊಂದಿಸಿಲ್ಲ, ಅಷ್ಟೇ."

ಉಗುರಿನಿಂದ ಕೀಲಿ ಎಳೆದು
ಮುಳ್ಳನ್ನು ಹಿಂದಕ್ಕೆ, ಹತ್ತು ಎರಡಕ್ಕೆ ತಂದು,
ಒತ್ತಿದರು.
ಟಕ್.

ಈಗ ನಾನು ಹೊರಗೆ ಹೋಗುವಾಗ ಲ್ಯಾಪ್‌ಟಾಪು ಮುಚ್ಚುವಂತಿಲ್ಲ.
ಮೂರೂವರೆಗೆ ಮುಂಬಯಿಯ ಪೇಟೆ ಮುಗಿದ ಮೇಲೂ
ನಮ್ಮ ಮೆಟ್ಟಿಲ ಮೇಲೆ ಕಾಲು ಗಂಟೆ ವ್ಯಾಪಾರ ನಡೆಯುತ್ತದೆ.
ಪುಟ್ಟಗಂಗಮ್ಮ ಕಾಫಿಗೆ ಎರಡು ಸಲ ಕೂಗುತ್ತಾರೆ,
ಊರಿನ ಗಂಟೆಗೊಮ್ಮೆ, ಅವರ ಗಂಟೆಗೊಮ್ಮೆ.
ಐದನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಬಾಡಿಗೆ.
ಒಂಬತ್ತೂಕಾಲಿಗೆ ಇಳಿಯುತ್ತೇನೆ.
ಮುಂಗೈ ತಿರುಗಿಸಿ ನೋಡಿ
"ಸರಿಯಾಗಿ ಬಂದೆ" ಅನ್ನುತ್ತಾರೆ.