ಸದರಿ

ಕಾರ್ಡ್ಲಾ ಊರಿನ ರಸ್ತೆ ಕಚೇರಿ. ಮಾರ್ಚ್, ಸಂಜೆ ಐದೂವರೆ.
ಹೀಟರಿನ ಮೇಲೆ ನನ್ನ ಕೈಗವಸು ಒಣಗುತ್ತಿದೆ.
ತಾಲಿನ್ನಿನಿಂದ ಕಾಗದ: ನಮ್ಮ ಹೀಯುಮಾ ದ್ವೀಪಕ್ಕೆ
ಹೆಪ್ಪುಗಟ್ಟಿದ ಕಡಲ ಮೇಲಿನ ದಾರಿ
ಯಾವ ಚಳಿಗಾಲ ಎಷ್ಟು ದಿನ ತೆರೆದಿತ್ತು,
ಶುಕ್ರವಾರದೊಳಗೆ ತಿಳಿಸುವುದು.

ಇರುವುದೊಂದೇ ಗಂಟು.
ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ರೈವೋ
ಹಳೇ ಪುಸ್ತಕಗಳನ್ನೆಲ್ಲ ಟೈಪು ಮಾಡಿ, ಅದುಮಿ, ಕಟ್ಟಿಟ್ಟು ಹೋದದ್ದು.
ಮೌಸಿಗೆ ಜಗ್ಗಲಿಲ್ಲ. ಕಪ್ಪು ಕಿಟಕಿ ತೆರೆದೆ.

ಅನ್‌ಜಿಪ್, ಒಂದು ಅಡ್ಡಗೆರೆ, ಆಮೇಲೆ ವಿ.
ಬಿಚ್ಚುವ ಮೊದಲು ಇಣುಕುವುದು ಒಳ್ಳೆಯದು.
ಹಿಂದೊಮ್ಮೆ ಇಣುಕದೆ ಬಿಚ್ಚಿ
ನಾಲ್ಕು ಸಾವಿರ ಕಡತ ಕಂಡಲ್ಲೆಲ್ಲ ಸುರಿದುಕೊಂಡು
ವಾರವಿಡೀ ಹುಳುಕು ಬಟಾಣಿಯಂತೆ ಆರಿಸಿದ್ದೇನೆ.

ಪಟ್ಟಿ ಇಳಿಯಿತು. ಚಳಿಗಾಲಕ್ಕೊಂದು ಕಡತ,
ಎದುರಿಗೆ ನಿಜವಾದ ಉದ್ದ, ಮಡಿಸಿದ ಮೇಲಿನ ಉದ್ದ.
ಎಂಬತ್ತೇಳರ ಚಳಿಗಾಲ ನೂರರಲ್ಲಿ ತೊಂಬತ್ತೇಳು ಪಾಲು
ಕುಗ್ಗಿ, ಉಗುರಿನಷ್ಟಾಗಿ ಕೂತಿದೆ.
ಹದಿಮೂರರದು ಅರ್ಧಕ್ಕೂ ಇಳಿದಿಲ್ಲ.

ಯಾಕೆಂದು ತಟ್ಟನೆ ಹೊಳೆಯಲಿಲ್ಲ.

ಅದುಮುವ ಯಂತ್ರಕ್ಕೆ ಗೊತ್ತಿರುವುದು
ಹಳೇ ಗುಮಾಸ್ತರ ವಿದ್ಯೆ:
ಮೇಲೆ ಬರೆದದ್ದೇ ಮತ್ತೆ ಬಂದರೆ ಸದರಿ ಅನ್ನುವುದು.
ಇಪ್ಪತ್ತಾರು ಕಿಲೋಮೀಟರ್, ಐವತ್ತೆರಡು ತೂತು,
ಬೆಳಿಗ್ಗೆ ಬೆಳಿಗ್ಗೆ ಬೈರಿಗೆ ಹೊತ್ತು ಹೋದ ಎಂಡೆಲ್
ಜೂನಿಪರ್ ಕೊಂಬೆ ನೆಟ್ಟಲ್ಲೆಲ್ಲ ಕೊರೆದು ಅಳೆದ:
ನಲವತ್ತೆಂಟು ಸೆಂಟಿಮೀಟರ್. ಸದರಿ.
ಸದರಿ. ಸದರಿ. ಲಾರಿ ಹೋಯಿತು. ಸದರಿ.
ಇಡೀ ಫೆಬ್ರವರಿ ಒಂದು ಪದದ ಮಡಿಕೆಯಲ್ಲಿ ಮಲಗಿತ್ತು.

ಹದಿಮೂರರಲ್ಲಿ ಮಡಿಸುವುದಕ್ಕೆ ಏನಿದೆ?
ಹತ್ತೊಂಬತ್ತು, ಏಳು, ಬಿರುಕು, ತೆರೆದಿದೆ, ಮಧ್ಯಾಹ್ನ ಮುಚ್ಚಿದೆ,
ಫಲಕ ಕಿತ್ತು ತಂದೆವು, ಮತ್ತೆ ನೆಟ್ಟೆವು, ನೀರು.
ಯಾವ ದಿನವೂ ಇನ್ನೊಂದರ ಮಾತು ಆಡುವುದಿಲ್ಲ.

ಪಟ್ಟಿಯ ಬುಡದಲ್ಲಿ ಒಂದು ಕಡತ:
ಸೊನ್ನೆ ಪಾಲು ಕುಗ್ಗಿದೆ. ಅಂದರೆ ಏನೂ ಅದುಮಿಲ್ಲ,
ಇದ್ದದ್ದನ್ನು ಇದ್ದ ಹಾಗೇ ಇಟ್ಟಿದೆ.
ತೆರೆದೆ. ಒಳಗೆ: ಇಲ್ಲ.

ಮತ್ತೆ ಎಂಬತ್ತೇಳಕ್ಕೆ ಹೋದೆ.
ಬಿಚ್ಚಿದರೆ ಸಾಲಿನ ಮೇಲೆ ಸಾಲು ನಲವತ್ತೆಂಟು,
ಕಣ್ಣು ಜಾರುತ್ತಾ ಜಾರುತ್ತಾ ಒಂದು ಕಡೆ ಎಡವಿತು:
"ತೂತು ಹದಿನಾಲ್ಕು. ಒಳಗಿನಿಂದ ಸೀಲ್ ಮೂಗು. ಕಾದೆ. ಅಳೆಯಲಿಲ್ಲ."

ಎಂಡೆಲ್‌ಗೆ ಈಗ ಎಂಬತ್ತೊಂದು, ಕಿವಿ ಮಂದ.
ಫೋನಿನಲ್ಲಿ ಮೂರು ಸಲ ಕೂಗಿದೆ: ಯಾಕೆ ಅಳೆಯಲಿಲ್ಲ?
"ಅದು ಉಸಿರು ತಗೊಳ್ತಿತ್ತಮ್ಮ," ಅಂದ.
"ಅದರ ಮೂಗಿಗೆ ಅಳತೆಗೋಲು ಚುಚ್ಚಲಾ?"
ಆಮೇಲೆ ಕೇಳಿದ, ಮಂಜುದಾರಿಯಲ್ಲಿ ಸೀಟ್‌ಬೆಲ್ಟ್ ಕಟ್ಟಬಾರದು
ಅನ್ನುವ ಆ ಹಳದಿ ಫಲಕ ಇನ್ನೂ ಗೋದಾಮಿನಲ್ಲಿದೆಯಾ,
ಮೊಮ್ಮಗನಿಗೆ ಕೋಳಿಗೂಡಿನ ಬಾಗಿಲಿಗೆ ಬೇಕಂತೆ.

ಕಪ್ಪು ಕಿಟಕಿ ಕೇಳುತ್ತಿದೆ:
ಇದೇ ಹೆಸರಿನದು ಆಗಲೇ ಇದೆ. ಅಳಿಸಿ ಬರೆಯಲೇ?
ಹೌದು, ಇಲ್ಲ, ಎಲ್ಲವೂ, ಯಾವುದೂ ಬೇಡ.
ತುಸು ಹೊತ್ತು ಬೆರಳು ಹಾಗೇ ನಿಂತಿತ್ತು.
ಬಂದರಿನ ಕಡೆ ದೋಣಿಯ ಸೀಟಿ,
ಹೊತ್ತಿಗೆ ಸರಿಯಾಗಿ,
ನಿನ್ನೆಯಂತೆ.