ನಡುವಿನ ಚಿತ್ರಗಳು

ಚಾಂಪಿಯನ್ ರೀಫಿನ ನಕ್ಷೆ ಕಚೇರಿಯಲ್ಲಿ ನಾನು ಟ್ರೇಸರ್.
ನೆಲದಡಿಯ ದಾರಿಗಳನ್ನು ಟ್ರೇಸಿಂಗ್ ಬಟ್ಟೆಯ ಮೇಲೆ
ಮಸಿಯಲ್ಲಿ ತಿದ್ದಿದವಳು, ಇಳಿದು ನೋಡಿದವಳಲ್ಲ.
ಹೆಂಗಸರನ್ನು ಕೇಜಿಗೆ ಹತ್ತಿಸುತ್ತಿರಲಿಲ್ಲ.

ಅರವತ್ತೇಳರ ಬೇಸಗೆ. ಸುರಕ್ಷತೆಯ ಸಿನಿಮಾ ಬೇಕೆಂದರು,
ಆರು ನಿಮಿಷದ್ದು, ಕೈಯಲ್ಲೇ ಬರೆದದ್ದು.
ಕ್ಯಾಮೆರಾ ಕೆಳಗಿಳಿದರೂ ಕಾಣುವುದು ಕತ್ತಲೆ,
ಬಂಡೆ ಸಿಡಿಯುವ ಗಳಿಗೆಗೆ
ಕಾದು ಕೂರುವವರು ಯಾರು?

ಮುಖ್ಯ ಚಿತ್ರ ಧೈರಿಯನಾಥನ್ ಅವರದು:
ಒಂದು, ಒಂಬತ್ತು, ಹದಿನೇಳು.
ನಡುವಿನವು ನನ್ನವು.
ಗಾಜಿನಡಿ ಬಲ್ಬು, ಗಾಜಿನ ಮೇಲೆ ಹಾಳೆ,
ಹಿತ್ತಾಳೆ ಗೂಟಕ್ಕೆ ಸಿಕ್ಕಿಸಿದ ಮೂರು ತೂತು.
ಎತ್ತಿದ ಕಾಲಿಗೂ ಊರಿದ ಕಾಲಿಗೂ ನಡುವೆ
ಏಳು ಕಾಲು ಇರುತ್ತವೆಂದು
ಇಪ್ಪತ್ತೆರಡು ವರ್ಷ ನಡೆದಾಡಿದ ಮೇಲೆ ಗೊತ್ತಾಯಿತು.

ಸೆಲ್ಲುಲಾಯ್ಡಿನ ಎದುರಿಗೆ ಗೆರೆ, ಬೆನ್ನಿಗೆ ಬಣ್ಣ.
ಮೂರು ಒಂದರ ಮೇಲೊಂದು ಕೂತರೆ
ಅಡಿಯದು ಮಂಕಾಗುತ್ತದೆ;
ಅದಕ್ಕೇ, ಆಳದಲ್ಲಿರುವವನ ಮೈಗೆ
ಒಂದು ಚಮಚ ಬಿಳಿ ಹೆಚ್ಚು.
ಬೆವರು ತಾಗದಂತೆ ಹತ್ತಿಯ ಕೈಗವಸು.
ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದರೆ
ಕಿಟಕಿಗೆ ಒದ್ದೆ ಗೋಣಿ:
ಒಂದು ಕಣ ಧೂಳು
ಪರದೆಯ ಮೇಲೆ ಕಲ್ಲಾಗುತ್ತದೆ.

ನಮ್ಮ ಮನುಷ್ಯನಿಗೆ ನಂಬರು ಬೇಕಾಯಿತು.
ದೀಪದ ಕೋಣೆಯ ಗುಮಾಸ್ತ ಪುಸ್ತಕ ತಿರುವಿ,
“ಇರೋರ ನಂಬರು ಹಾಕಿದ್ರೆ
ಅವನ ಹೆಂಡ್ತಿ ಬಂದು ನಿಮ್ಮ ಮಸಿ ಚೆಲ್ತಾಳೆ.
ಖಾಲಿ ಇರೋವು ಯಾಕೆ ಖಾಲಿ, ಗೊತ್ತಲ್ಲ.”
ಕೊನೆಗೆ ಯಾರಿಗೂ ಕೊಟ್ಟಿರದ ಅಂಕಿ,
ಪುಸ್ತಕ ಮುಗಿದ ಮೇಲಿನದು.
ಎಂಟುನೂರ ಮೂವತ್ತು ಸಲ ಬರೆದೆ ಅದನ್ನು, ಹೆಲ್ಮೆಟ್ಟಿನ ಮೇಲೆ.

ಮೊದಲ ಸಲ ಓಡಿಸಿದ ದಿನ
ಮರದ ಕಂಬ ನಿಲ್ಲಿಸುವ ಮುನಿರತ್ನಂ
ಬಾಗಿಲಲ್ಲೇ ನಿಂತು ನೋಡಿದರು.
ಚಾವಣಿ ಬಿರಿಯುತ್ತದೆ, ಹರಳು ಉದುರುತ್ತವೆ,
ನಮ್ಮವನು ತಲೆಯೆತ್ತಿ ನೋಡಿ, ಓಡುತ್ತಾನೆ;
ಹಿಂದೆ ಬಂಡೆ, ಹದಿನಾರು ಚಿತ್ರಗಳಲ್ಲಿ, ಚೆಂದವಾಗಿ.

ಬೀಡಿ ಹೊಸಕಿದರು.
“ಅದು ಬೀಳಲ್ಲಮ್ಮ,” ಅಂದರು, ಮೂರು ಭಾಷೆ ಕಲೆತ ಕನ್ನಡದಲ್ಲಿ,
“ಬರುತ್ತೆ. ಪಕ್ಕದಿಂದ. ಗೋಡೆನೇ ಬರುತ್ತೆ.
ಮೊದಲು ಮಾತಾಡುತ್ತೆ,
ಕಾದ ಬಾಣಲೆಗೆ ಕಲ್ಲುಪ್ಪು ಬಿದ್ದಂಗೆ.
ತೋರಿಸೋದಾದ್ರೆ ಅದನ್ನ ತೋರಿಸಿ.
ಆಮೇಲೆ ಓಡೋದೇನೂ ಇಲ್ಲ.”
ಇಷ್ಟೂ ಹೊತ್ತು ಅವರ ಎಡಗೈ ಜೇಬಿನಲ್ಲೇ ಇತ್ತು.

ಧೈರಿಯನಾಥನ್ ಪೆನ್ಸಿಲ್ ಹಿಡಿದು ಕೇಳಿದರು, “ಎಷ್ಟು ಚಿತ್ರ?”
“ಯಾವುದಕ್ಕೆ?”
“ಗೋಡೆ ಅಲ್ಲಿಂದ ಇಲ್ಲಿಗೆ ಬರೋಕೆ.”
ಮುನಿರತ್ನಂ ನನ್ನ ಮೇಜಿನ ಕಟ್ಟುಗಳನ್ನು ನೋಡಿದರು,
ಕೊಳ್ಳಲು ಬಂದವರ ಹಾಗೆ.
“ನಡುವೆ ಏನೂ ಇಲ್ಲ.”

ಆ ಹದಿನಾರನ್ನೂ ಕಿತ್ತೆವು.
ಗೋಡೆಯ ಒಂದೇ ಗೆರೆ ನಡುಗುವುದಕ್ಕೆ
ನಲವತ್ತು ಬರೆದೆ, ಕೂದಲೆಳೆಯಷ್ಟೇ ಬೇರೆ.
ಆಮೇಲೆ ಅವನ ಕಿವಿ. ತಿರುಗುವ ತಲೆ.
ಹಿಂದಕ್ಕೊಂದು ಹೆಜ್ಜೆ, ಏಳೂ ಕಾಲುಗಳ ಸಮೇತ.
ಆಮೇಲೆ ಒಂದು ಹಾಳೆ,
ಏನೂ ಬರೆಯದೆ ಕೊಟ್ಟದ್ದು.
ಹಾಳೆಗೆ ನಾಲ್ಕಾಣೆ ಹೆಚ್ಚುಗೂಲಿ;
ಲೆಕ್ಕದವರು ಅದನ್ನೂ ಎಣಿಸಿದರು.

ಷಿಫ್ಟಿಗೆ ಮುಂಚೆ, ಷೆಡ್ಡಿನ ಸುಣ್ಣದ ಗೋಡೆಗೆ
ಓಡಿತು ಸಿನಿಮಾ, ಒಂದು ತಿಂಗಳು.
ಜನ ನಕ್ಕ ಕಡೆ ನಾವು ನಗು ಬರೆದಿರಲಿಲ್ಲ.
ಖಾಲಿ ಹಾಳೆ ಬಂದಾಗ ಯಾರೋ ಕೆಮ್ಮಿದ್ದು ಕೇಳಿತು, ಅಷ್ಟೆ.

ಸೆಲ್ಲುಲಾಯ್ಡ್ ದುಬಾರಿ.
ಹಿತ್ತಲ ಕೊಳಾಯಿಯ ಬಳಿ, ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ
ಅವನನ್ನು ತೊಳೆದೆ, ಒಬ್ಬೊಬ್ಬನನ್ನಾಗಿ.
ಬಣ್ಣ ಬೇಗ ಬಿಡುತ್ತದೆ. ಗೆರೆ ಹಟ ಮಾಡುತ್ತದೆ.
ಕೆಲವದರಲ್ಲಿ ನಂಬರು ಹೋಗಲೇ ಇಲ್ಲ,
ಬಿಸಿಲಿಗೆ ಹಿಡಿದರೆ ಕಾಣುತ್ತಿತ್ತು.
“ಇರಲಿ ಬಿಡು. ಹೊಸಬನಿಗೂ ಅದೇ ಸಾಕು.”

ಮುಂದಿನ ಪಾಠ ಧೂಳಿನ ಕಾಯಿಲೆಯದು.
ಧೈರಿಯನಾಥನ್ ಎರಡೇ ಮುಖ್ಯ ಚಿತ್ರ ಕೊಟ್ಟರು:
ಉಸಿರು ತುಂಬಿದ ಎದೆ, ಉಸಿರು ಬಿಟ್ಟ ಎದೆ.
ಬಲ್ಬು ಹಾಕಿ ಕೇಳಿದೆ, ನಡುವೆ ಎಷ್ಟು?
“ಇದಕ್ಕೆ ಬೇಕಾದಷ್ಟಿದೆ,” ಎಂದರು.
“ನಿಧಾನವಾಗಿ ಬರಿ.”